ಹಳೆಯ ಸೈಕಲ್ಲೂ ಸೋಡಿಯ ಸೈಕಲ್ಲೂ



ತಕ್ಕಮಟ್ಟಿಗೆ ಕೆಲಸ ಕೊಡುತ್ತಿರುವ ಹಳೆಯ ವಸ್ತುವೊಂದು ಮನೆಯಲ್ಲಿರುವಾಗ, ಅದಕ್ಕಿಂತ ಉತ್ತಮವಾದ ಹೊಸತು ಕಡಿಮೆ ಕ್ರಯಕ್ಕೆ ದೊರಕುತ್ತದೆಂಬ ಕಾರಣದಿಂದ ಹಳೆಯದನ್ನು ಬಿಟ್ಟು ಹೊಸತನ್ನು ಕೊಳ್ಳುವದು ಯುಕ್ತವೋ ಅಲ್ಲವೋ? ಈ ಪ್ರಶ್ನೆಯು ಮೇಲಿಂದ ನೋಡುವವರಿಗೆ ಅಲ್ಪವಾಗಿ ಕಾಣುವದು. ಆದರೆ ಸಂತೆಗೂ ಪೇಟೆಗೂ ಹೋಗಿಬರುವ ಪ್ರತಿಯೊಬ್ಬನ ಮುಂದೆ ಇದು ವರುಷಕ್ಕೆ ಹತ್ತು ಸಾರಿ ಬಂದು ನಿಲ್ಲುತ್ತದೆ. ನಾವು ಕೊಡುವ ಉತ್ತರದಿಂದ ನಮ್ಮ ಹಣದ ವಿನಿಯೋಗ ಮಾತ್ರವಲ್ಲ, ನಮ್ಮ ಮಾತಿನ ಸತ್ಯವೂ ಕೆಲವೊಮ್ಮೆ ಮತ್ತೊಬ್ಬನ ಎಲುಬಿನ ಕ್ಷೇಮವೂ ನಿಶ್ಚಯವಾಗುತ್ತದೆಂಬದನ್ನು ನಾವು ಸ್ವಂತ ಅನುಭವದಿಂದ ಬಲ್ಲೆವು. ಆದಕಾರಣ ಈ ಸಾರಿ ಇದನ್ನೇ ವಿಚಾರಿಸೋಣ.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸೈಕಲ್ ಪಂದ್ಯವು ಬಹುಕಾಲದಿಂದ ಜನರಿಗೆ ಪ್ರಿಯವಾಗಿರುವದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕರ್ನಾಟಕದ ಪರವಾಗಿ ದೇಶದ ಪಂದ್ಯಗಳಲ್ಲಿ ಓಡಿಸಿದವರೊಳಗೆ ಹಲವರು ಈ ಎರಡು ಜಿಲ್ಲೆಗಳ ಹಳ್ಳಿಗಳವರೇ. ನಮ್ಮ ನೆರೆಮನೆಯ ರೈತನ ಮಗನೊಬ್ಬನು ಹದಿನೈದನೆಯ ವಯಸ್ಸಿನಲ್ಲಿ ಬೇರೊಬ್ಬರು ಓಡಿಸಿ ಬಿಟ್ಟ ಉಕ್ಕಿನ ರೇಸ್ ಸೈಕಲ್ಲೊಂದನ್ನು ಪಡೆದು, ನಾಲ್ಕು ವರುಷ ಅದರ ಮೇಲೆಯೇ ಅಭ್ಯಾಸ ಮಾಡಿದನು. ಕಳೆದ ವರುಷ ಮುಂಗಾರಿಗೆ ಮೊದಲು ಅವನು ಒಂದು ಸಂಜೆ ನಮ್ಮಲ್ಲಿಗೆ ಬಂದು ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದನು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅಲ್ಯುಮಿನಿಯಮ್ ಚೌಕಟ್ಟು, ಕಾರ್ಬನ್ ಫೋರ್ಕು, ಡಿಸ್ಕ್ ಬ್ರೇಕುಗಳುಳ್ಳ ಸೈಕಲ್ಲು ಇತ್ತು. ಅದರ ಕ್ರಯ ೯೦,೦೦೦ ರೂಪಾಯಿ; ಸೋಡಿ ಕಳೆದು ೫೪,೦೦೦ ರೂಪಾಯಿ. ಶನಿವಾರದ ವರೆಗೆ ಮಾತ್ರವೇ ಈ ಸೋಡಿ ಎಂಬದಾಗಿ ಕೆಂಪಕ್ಷರದಲ್ಲಿ ಬರೆದಿತ್ತು.

“ಕಾಕಾ, ಮೂವತ್ತಾರು ಸಾವಿರ ಉಳಿಯುತ್ತದೆ. ಇದನ್ನು ಬಿಟ್ಟರೆ ಮೂರ್ಖತನವಲ್ಲವೇ? ಅಪ್ಪನಿಗೆ ನೀವು ಒಂದು ಮಾತು ಹೇಳಿರಿ” ಅಂದನು.

ಅವನ ತಂದೆಯು ನಮಗಿಂತ ಹಿರಿಯನು. ಲೂಧಿಯಾನದಲ್ಲಿ ತಯಾರಾದ ಕಪ್ಪು ಸೈಕಲ್ಲೊಂದನ್ನು ಇಪ್ಪತ್ತೈದು ವರುಷಗಳಿಂದ ಓಡಿಸುತ್ತಾ, ಉಳ್ಳಾಗಡ್ಡಿಯ ಚೀಲವನ್ನೂ ಹುಲ್ಲಿನ ಹೊರೆಯನ್ನೂ ಅದರ ಮೇಲೆಯೇ ಸಾಗಿಸಿದವನು. “ಓಡುವ ಸೈಕಲ್ಲು ಇರುವಾಗ ಮತ್ತೊಂದು ಏತಕ್ಕೆ?” ಎಂಬದೇ ಅವನ ಮಾತು. ಮಗನ ಮಾತಿನಲ್ಲಿಯೂ ತಂದೆಯ ಮಾತಿನಲ್ಲಿಯೂ ಸತ್ಯವಿತ್ತು. ಆದರೆ ಅದು ಯಾರಲ್ಲಿ ಎಷ್ಟಿತ್ತೆಂಬದನ್ನು ತೂಗಿ ನೋಡದೆ ಹೇಳುವಂತಿರಲಿಲ್ಲ.

೧. ಸೋಡಿಯು ಎಲ್ಲಿಂದ ಬರುತ್ತದೆ?

ಮೊದಲಾಗಿ, ಮೂವತ್ತಾರು ಸಾವಿರ ರೂಪಾಯಿಗಳನ್ನು ಬಿಟ್ಟುಕೊಡುವ ಅಂಗಡಿಯವನು ನಮ್ಮ ಮೇಲಣ ಪ್ರೀತಿಯಿಂದ ಬಿಟ್ಟುಕೊಡುತ್ತಾನೋ ಎಂದು ಕೇಳಬೇಕು. ೨೦೨೦ರಲ್ಲಿ ಕೊರೋನಾ ರೋಗವು ಲೋಕವನ್ನೆಲ್ಲಾ ಮುತ್ತಿದಾಗ, ಬಸ್ಸು ರೈಲುಗಳಲ್ಲಿ ಕೂಡ್ರಲು ಅಂಜಿದವರೂ ಮನೆಯೊಳಗೆ ಕೂತು ಬೇಸತ್ತವರೂ ಅನೇಕ ದೇಶಗಳಲ್ಲಿ ಸೈಕಲ್ಲುಗಳನ್ನು ಕೊಳ್ಳಲಾರಂಭಿಸಿದರು. ಅಂಗಡಿಗಳು ಬರಿದಾದವು, ಚೈನು, ಗೇರುಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಈ ಬೇಡಿಕೆಯು ಹೀಗೆಯೇ ನಿಲ್ಲುವದೆಂದು ಎಣಿಸಿ ವ್ಯಾಪಾರಿಗಳು ರಾಶಿರಾಶಿಯಾಗಿ ಮುಂಗಡ ಬೇಡಿಕೆ ಕಳುಹಿಸಿದರು. ಆದರೆ ಆ ಸರಕು ಬಂದು ಮುಟ್ಟುವಷ್ಟರಲ್ಲಿ ಜನರು ತಮ್ಮ ಮೊದಲಿನ ರೂಢಿಗೆ ತಿರುಗಿದ್ದರು. ೨೦೨೨ರಿಂದ ಈಚೆಗೆ ಉಗ್ರಾಣಗಳಲ್ಲಿ ಸರಕು ತುಂಬಿಹೋಗಿ, ೨೦೨೩ನೆಯ ಮತ್ತು ೨೦೨೪ನೆಯ ವರುಷಗಳಲ್ಲಿ ಲೋಕದ ಅನೇಕ ಕಡೆಗಳಲ್ಲಿ ದೊಡ್ಡ ದೊಡ್ಡ ಸೋಡಿಗಳು ನಡೆದವು. ಇದಲ್ಲದೆ, ತಯಾರಕರು ವರುಷ ವರುಷ ಹೊಸ ಮಾದರಿಯನ್ನು ಹೊರಡಿಸುವದರಿಂದ ಹಿಂದಿನ ವರುಷದ್ದು, ಅದರ ಒಂದು ತಿರುಪೂ ಸವೆಯದಿದ್ದರೂ, ಹಳೆಯದೆನಿಸಿಕೊಳ್ಳುತ್ತದೆ.

ಆದುದರಿಂದ ಸೋಡಿಯು ವರದಾನವಲ್ಲ, ಉಗ್ರಾಣವನ್ನು ಬರಿದುಮಾಡುವ ಉಪಾಯ. ಇದರಲ್ಲಿ ಮೋಸವೇನೂ ಇಲ್ಲ. ಮುಂಗಾರಿನ ಮುಂಚೆ ಹಗೇವನ್ನು ಬರಿದುಮಾಡುವ ರೈತನೂ ಹಾಗೆಯೇ ಮಾಡುತ್ತಾನೆ. ಆದರೆ “ಮೂವತ್ತಾರು ಸಾವಿರ ಉಳಿಯಿತು” ಎಂಬ ಮಾತು ಮಾತ್ರ ಸತ್ಯವಲ್ಲ. ಸಾಯಂಕಾಲ ಮನೆಗೆ ಬಂದು ಚೀಲವನ್ನು ಬಿಚ್ಚಿ ಎಣಿಸಿದರೆ ಐವತ್ತನಾಲ್ಕು ಸಾವಿರ ಹೋಗಿರುವದು ಕಾಣುತ್ತದೆಯೇ ಹೊರತು ಮೂವತ್ತಾರು ಸಾವಿರ ಬಂದಿರುವದು ಕಾಣುವದಿಲ್ಲ. ನಾವು ಆ ಯುವಕನಿಗೆ ಇಷ್ಟನ್ನೇ ಕೇಳಿದೆವು: “ತೊಂಬತ್ತು ಸಾವಿರವೆಂಬ ಅಂಕೆಯನ್ನು ನೀನು ನೋಡಿರಲೇ ಇಲ್ಲವೆಂದು ಭಾವಿಸು. ಈ ಸೈಕಲ್ಲಿನ ಕ್ರಯ ಮೊದಲಿನಿಂದಲೂ ಐವತ್ತನಾಲ್ಕು ಸಾವಿರವೇ ಆಗಿದ್ದರೆ ನೀನು ಈ ವಾರವೇ ಹುಬ್ಬಳ್ಳಿಗೆ ಹೋಗಬೇಕೆಂದು ನಿನ್ನ ತಂದೆಯನ್ನು ಪೀಡಿಸುತ್ತಿದ್ದೆಯಾ?” ಅವನು ತುಸುಹೊತ್ತು ಸುಮ್ಮನಿದ್ದು, “ಈ ವಾರವೇ ಅಂತ ಇಲ್ಲ” ಅಂದನು. ಇದು ಪ್ರಾಮಾಣಿಕವಾದ ಉತ್ತರ.

೨. ಹೊಸತನ್ನು ಹೀನೈಸುವದೂ ನ್ಯಾಯವಲ್ಲ

ಹೀಗೆ ಹೇಳಿದ ಮಾತ್ರಕ್ಕೆ ಹೊಸತೆಲ್ಲವೂ ಮರುಳು, ಹಳೆಯದೆಲ್ಲವೂ ಸದ್ಗುಣವೆಂದು ನಾವು ತಿಳಿಯಬಾರದು. ೧೮೧೭ರಲ್ಲಿ ಜರ್ಮನಿ ದೇಶದ ಕಾರ್ಲ್ ಫೋನ್ ಡ್ರಾಯಿಸ್ ಎಂಬವನು ಮಾಡಿದ ಮರದ ಬಂಡಿಗೆ ಪೆಡಲುಗಳೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯುತ್ತಾ ಸಾಗಬೇಕಾಗಿತ್ತು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಚೈನಿನಿಂದ ಹಿಂಗಾಲಿಯನ್ನು ತಿರುಗಿಸುವ ಸೈಕಲ್ಲನ್ನು ಹೊರತಂದನು. ಬಹಳ ಎತ್ತರದ ಮುಂಗಾಲಿಯ ಮೇಲಿಂದ ತಲೆಕೆಳಗಾಗಿ ಬೀಳುವ ಅಪಾಯವು ಅದರಿಂದ ತಪ್ಪಿತು. ೧೮೮೮ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರನ್ನು ಉಪಯೋಗಕ್ಕೆ ತಂದನು. ಇವರ ಕಾಲದಲ್ಲಿ ಎಲ್ಲರೂ “ಇದ್ದದ್ದು ಸಾಕು” ಎಂದಿದ್ದರೆ ಇಂದು ನಮ್ಮ ಮಕ್ಕಳು ನಾಲ್ಕು ಮೈಲು ದೂರದ ಶಾಲೆಗೆ ಸೈಕಲ್ಲಿನ ಮೇಲೆ ಹೋಗುತ್ತಿರಲಿಲ್ಲ.

ಹಳೆಯದರ ಅಭಿಮಾನವು ಹಟವಾಗುವದಕ್ಕೆ ಒಂದು ದೃಷ್ಟಾಂತವುಂಟು. ೧೯೦೩ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬವನು, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಗೇರು ಪ್ರಾಯ ಕಳೆದವರಿಗೆ ತಕ್ಕದ್ದೆಂದು ಭಾವಿಸಿದ್ದನು. ಆದಕಾರಣ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂಗಾಲಿಯನ್ನು ಬಿಚ್ಚಿ, ತಿರುವಿ ಹಾಕಿಕೊಂಡು, ಮತ್ತೊಂದು ಬದಿಯ ಹಲ್ಲುಚಕ್ರದಿಂದ ಏರಬೇಕಾಗಿತ್ತು. ೧೯೩೭ರಲ್ಲಿ ಮಾತ್ರವೇ ಆ ಪಂದ್ಯದಲ್ಲಿ ಇಂಥ ಗೇರಿಗೆ ಅಪ್ಪಣೆಯಾಯಿತು. ಅಷ್ಟು ವರುಷ ಸವಾರರು ಪಟ್ಟ ಕಷ್ಟದಿಂದ ಯಾರ ಗುಣವೂ ಹೆಚ್ಚಲಿಲ್ಲ.

ಹಾಗಾದರೆ ಹುಬ್ಬಳ್ಳಿಯ ಆ ಸೈಕಲ್ಲಿನಿಂದ ಯುವಕನಿಗೆ ನಿಜವಾಗಿ ದೊರಕುವದೇನು? ನಾವು ಕಾಗದದ ಮೇಲೆ ಲೆಕ್ಕ ಮಾಡಿದೆವು. ಅವನ ತೂಕ ೬೦ ಕಿಲೋ, ಹಳೆಯ ಸೈಕಲ್ಲು ೧೧ ಕಿಲೋ, ಹೊಸತು ೯ ಕಿಲೋ. ಕೂಡಿಸಿದರೆ ೭೧ಕ್ಕೆ ಬದಲಾಗಿ ೬೯. ಅಂದರೆ ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಅರ್ಧ ತಾಸು ಹಿಡಿಯುವ ಕಡಿದಾದ ಏರಿನಲ್ಲಿ ಇದರಿಂದ ಸುಮಾರು ೫೦ ಸೆಕೆಂಡು ಉಳಿಯಬಹುದು. ಪಂದ್ಯದಲ್ಲಿ ೫೦ ಸೆಕೆಂಡು ಅಲ್ಪವಲ್ಲ. ಆದರೆ ಅವನು ಓಡಿಸುವ ಭೂಮಿ ಬಹುಮಟ್ಟಿಗೆ ಸಮವಾದ ಎರೆಭೂಮಿ. ಅಲ್ಲಿ ವೇಗವಾಗಿ ಹೋಗುವವನ ಶತ್ರು ತೂಕವಲ್ಲ, ಗಾಳಿ. ವೇಗವು ಎರಡರಷ್ಟಾದರೆ ಗಾಳಿಯ ತಡೆಯು ನಾಲ್ಕರಷ್ಟಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿಯು ಎಂಟರಷ್ಟಾಗುತ್ತದೆ. ಆ ತಡೆಯ ಹೆಚ್ಚಿನ ಪಾಲು ಸವಾರನ ದೇಹದಿಂದಲೇ ಆಗುವದರಿಂದ, ಬೆನ್ನು ಬಗ್ಗಿಸಿ ಕೂಡ್ರುವ ಅಭ್ಯಾಸವು ಎಷ್ಟೋ ಉಪಯುಕ್ತವಾದದ್ದು; ಅದಕ್ಕೆ ಕ್ರಯವೂ ಇಲ್ಲ.

ಡಿಸ್ಕ್ ಬ್ರೇಕಿನ ಪ್ರಯೋಜನವಾದರೋ ನಿಜವಾದದ್ದು. ರಿಮ್ಮನ್ನು ಹಿಡಿಯುವ ಹಳೆಯ ಬ್ರೇಕು ಮಳೆಯಲ್ಲಿ ತಡವಾಗಿ ಹಿಡಿಯುತ್ತದೆ. ಡಿಸ್ಕು ಅಷ್ಟು ತಡಮಾಡುವದಿಲ್ಲ. ೨೦೧೮ರಲ್ಲಿ ಸೈಕಲ್ ಪಂದ್ಯಗಳ ಅಂತರರಾಷ್ಟ್ರೀಯ ಸಂಘವು ರಸ್ತೆಯ ಪಂದ್ಯಗಳಿಗೆ ಇದನ್ನು ಪೂರ್ಣವಾಗಿ ಅಂಗೀಕರಿಸಿತು. ಹೊಸ ಚೌಕಟ್ಟಿನಲ್ಲಿ ಅಗಲವಾದ ಟೈರು ಹಿಡಿಸುವದೂ ಕಲ್ಲುಮಣ್ಣಿನ ಊರದಾರಿಗೆ ಅನುಕೂಲವೇ. ಹೀಗೆ ಲಾಭವು ಇಲ್ಲದೆ ಇಲ್ಲ. ಆದರೆ ಅದು ಚಿತ್ರದಲ್ಲಿ ಕಂಡಷ್ಟು ಇಲ್ಲವೆಂಬದು ನಮಗಿಬ್ಬರಿಗೂ ತಿಳಿಯಿತು.

೩. ಹಳೆಯದೋ, ಅಥವಾ ಅಲಕ್ಷ್ಯಕ್ಕೆ ಗುರಿಯಾದದ್ದೋ?

ಅನಂತರ ಅವನ ಹಳೆಯ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಪರೀಕ್ಷಿಸಿದೆವು. ಸೈಕಲ್ಲಿನ ಚೈನಿನ ಕೊಂಡಿಗಳು ಅರ್ಧ ಅಂಗುಲಕ್ಕೊಂದರಂತೆ ಇರುತ್ತವೆ. ಆದಕಾರಣ ಇಪ್ಪತ್ತನಾಲ್ಕು ಕೊಂಡಿಗಳು ಸರಿಯಾಗಿ ಹನ್ನೆರಡು ಅಂಗುಲ ಆಗಬೇಕು. ಅಡಿಪಟ್ಟಿಯಿಂದ ಅಳೆಯುವಾಗ ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಹೆಚ್ಚಾಗಿದ್ದರೆ ಚೈನನ್ನು ಬದಲಾಯಿಸಬೇಕು. ಎಂಟನೆಯ ಒಂದು ಪಾಲು ಹೆಚ್ಚಾಗಿದ್ದರೆ ಹಲ್ಲುಚಕ್ರಗಳ ಹಲ್ಲುಗಳೂ ಅದರೊಂದಿಗೆ ಸವೆದುಹೋಗಿರುತ್ತವೆ. ಅವನ ಚೈನು ಎಂಟನೆಯ ಪಾಲಿಗಿಂತಲೂ ಮುಂದೆ ಹೋಗಿತ್ತು. ಟೈರುಗಳ ಮಗ್ಗಲು ಬಿರಿದಿದ್ದವು. ಗೇರಿನ ತಂತಿಯು ತುಕ್ಕು ಹಿಡಿದು ಕೊಳವೆಯೊಳಗೆ ಜರುಗದೆ ಇತ್ತು. ನಾಲ್ಕು ವರುಷಗಳಲ್ಲಿ ಅವನು ಗಾಳಿ ಹಾಕುವದನ್ನೂ ಎಣ್ಣೆ ಬಿಡುವದನ್ನೂ ಹೊರತು ಮತ್ತೇನನ್ನೂ ಮಾಡಿರಲಿಲ್ಲ. ಎಣ್ಣೆಯನ್ನಾದರೂ ಧೂಳಿನ ಮೇಲೆಯೇ ಬಿಟ್ಟಿದ್ದನು. ಹಾಗೆ ಮಾಡಿದಾಗ ಅದು ಅರಗಲ್ಲಿನ ಹಿಟ್ಟಿನಂತಾಗಿ ಚೈನನ್ನು ತಿನ್ನುತ್ತದೆ.

ನಮ್ಮೂರ ಪಂಕ್ಚರ್ ಅಂಗಡಿಯ ಮೇಸ್ತ್ರಿಯು ಚೈನು, ಹಲ್ಲುಚಕ್ರ, ತಂತಿ, ಎರಡು ಟೈರು ಇವುಗಳನ್ನು ತರಿಸಿ ಕೂಡಿಸಿ ಕೂಲಿಸಹಿತ ೫,೫೦೦ ರೂಪಾಯಿ ತೆಗೆದುಕೊಂಡನು. ಮರುದಿನ ಯುವಕನು ಬಂದು, “ಕಾಕಾ, ಇದು ನನ್ನ ಸೈಕಲ್ಲೇ ಅಲ್ಲ ಅನ್ನಿಸುತ್ತದೆ” ಅಂದನು. ಅವನ ಅತೃಪ್ತಿಯಲ್ಲಿ ದೊಡ್ಡ ಪಾಲು ಸೈಕಲ್ಲಿನ ಮೇಲಣದ್ದಲ್ಲ, ಅದರ ಮೇಲೆ ಕೂತಿದ್ದ ಹೊಲಸಿನ ಮೇಲಣದ್ದಾಗಿತ್ತು. ನಮ್ಮ ರಾಜ್ಯದಲ್ಲಿ ೨೦೦೬ರಿಂದ ಹಲವು ವರುಷ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದವರು ಸೈಕಲ್ಲುಗಳನ್ನು ಉಚಿತವಾಗಿ ಹಂಚಿದರು. ಅವುಗಳಲ್ಲಿ ಎಷ್ಟು ಹಿತ್ತಲುಗಳಲ್ಲಿ ತುಕ್ಕು ಹಿಡಿದು ಬಿದ್ದಿವೆಯೆಂದು ನಮ್ಮ ನಮ್ಮ ಊರಿನಲ್ಲಿ ಒಮ್ಮೆ ತಿರುಗಿ ನೋಡಿದರೆ ಸಾಕು. ಅವು ಮುಪ್ಪಿನಿಂದ ಸತ್ತವುಗಳಲ್ಲ.

ಇಲ್ಲಿ ಮತ್ತೊಂದು ಮಾತನ್ನು ಸೇರಿಸಬೇಕು. ಹೊಸ ವಸ್ತುವು ಒಂಟಿಯಾಗಿ ಮನೆಗೆ ಬರುವದಿಲ್ಲ. ಹದಿನೆಂಟನೆಯ ಶತಮಾನದ ಫ್ರೆಂಚ್ ಪಂಡಿತನಾದ ದಿದೆರೋ ಎಂಬವನು ತನ್ನ ಹಳೆಯ ನಿಲುವಂಗಿಯನ್ನು ಕಳೆದುಕೊಂಡದ್ದಕ್ಕಾಗಿ ದುಃಖಪಟ್ಟು ಒಂದು ಪ್ರಬಂಧವನ್ನು ಬರೆದನು. ಸೊಗಸಾದ ಹೊಸ ನಿಲುವಂಗಿಯೊಂದು ಬಂದ ಮೇಲೆ ಅದರ ಮುಂದೆ ಅವನ ಹಳೆಯ ಕುರ್ಚಿ ಅವಲಕ್ಷಣವಾಗಿ ಕಂಡಿತು. ಕುರ್ಚಿಯ ತರುವಾಯ ಮೇಜು, ಮೇಜಿನ ತರುವಾಯ ಗೋಡೆಯ ಚಿತ್ರಗಳು, ಹೀಗೆ ಎಲ್ಲವೂ ಬದಲಾಗಿ ಕೊನೆಗೆ ಅವನು ತನ್ನ ನಿಲುವಂಗಿಗೇ ದಾಸನಾದನೆಂಬದು ಅದರ ಸಾರ. ಹೊಸ ಸೈಕಲ್ಲಿನ ಹಿಂದೆಯೂ ಕಾಲಿಗೆ ಕಚ್ಚಿಕೊಳ್ಳುವ ಪೆಡಲು, ಅದಕ್ಕೆ ತಕ್ಕ ಬೂಟು, ವೇಗವನ್ನು ತೋರಿಸುವ ಯಂತ್ರ ಇವೆಲ್ಲವೂ ಸಾಲಾಗಿ ಬರುತ್ತವೆ. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಾದರೆ, ಅದು ಕೆಟ್ಟಾಗ ನಮ್ಮೂರ ಮೇಸ್ತ್ರಿಯ ಪಾನೆಯಿಂದ ಸರಿಯಾಗುವದಿಲ್ಲ. ಅದಕ್ಕೆ ತಕ್ಕ ಎಣ್ಣೆಯೂ ಉಪಕರಣವೂ ಬೇಕು, ಅವುಗಳಿಗಾಗಿ ಪಟ್ಟಣಕ್ಕೇ ಹೋಗಬೇಕು. ಬಸ್ಸಿನ ಖರ್ಚನ್ನೂ ಕಳೆದ ದಿನದ ಕೂಲಿಯನ್ನೂ ಕ್ರಯದೊಳಗೆ ಸೇರಿಸದವನು ಅರ್ಧ ಲೆಕ್ಕವನ್ನೇ ಮಾಡಿದವನು.

೪. ನಮ್ಮ ತಪ್ಪು

ವಾಚಕರೇ, ಇಷ್ಟರ ವರೆಗೆ ನಾವು ಬುದ್ಧಿವಂತರಂತೆ ಮಾತಾಡಿದೆವು. ಈಗ ನಮ್ಮ ವಿಷಯವನ್ನು ಹೇಳಬೇಕು.

ಹನ್ನೆರಡು ವರುಷಗಳ ಹಿಂದೆ ನಮ್ಮಲ್ಲಿಯೂ ಒಂದು ಹಳೆಯ ರೇಸ್ ಸೈಕಲ್ಲು ಇತ್ತು. ಒಂದು ಅಂಗಡಿಯಲ್ಲಿ ಸೋಡಿಯ ಕ್ರಯಕ್ಕೆ ಹೊಸತೊಂದು ಕಣ್ಣಿಗೆ ಬಿತ್ತು. ಅದಕ್ಕೂ ಶನಿವಾರದ ಗಡುವೇ ಇತ್ತು. ನಮ್ಮ ಕೈಯಲ್ಲಿದ್ದ ಹಣಕ್ಕೆ ಮೂರು ಸಾವಿರ ರೂಪಾಯಿ ಕಡಿಮೆಯಾದದ್ದರಿಂದ ಹಳೆಯದನ್ನು ಮಾರುವದಕ್ಕೆ ಅವಸರಪಟ್ಟೆವು. ಪಕ್ಕದ ಊರಿನ ಹದಿನಾರು ವರುಷದ ಹುಡುಗನೊಬ್ಬನು ಕೊಳ್ಳಲು ಬಂದನು. ರಿಮ್ಮನ್ನು ಹಿಡಿಯುವ ಬ್ರೇಕಿನಿಂದ ರಿಮ್ಮಿನ ಗೋಡೆಯು ವರುಷ ವರುಷ ತೇಯುತ್ತದೆ. ಬೆರಳಿಟ್ಟು ನೋಡಿದರೆ ಮಟ್ಟಸವಾಗಿರಬೇಕಾದ ಸ್ಥಳವು ಹೊಳೆದಂಡೆಯ ಕಲ್ಲಿನಂತೆ ಒಳಗೆ ತಗ್ಗಾಗಿರುತ್ತದೆ. ಹೆಚ್ಚು ತೆಳ್ಳಗಾದ ಗೋಡೆಯು ಟೈರಿನ ಗಾಳಿಯ ಒತ್ತಡವನ್ನು ತಡೆಯಲಾರದೆ ಒಂದು ದಿನ ಸಿಡಿಯುತ್ತದೆ. ನಮ್ಮ ಹಿಂಗಾಲಿಯ ರಿಮ್ಮು ತಗ್ಗಾಗಿತ್ತೆಂಬದು ನಮಗೆ ತಿಳಿದಿತ್ತು. ಹುಡುಗನು, “ಏನಾದರೂ ಕೆಲಸ ಇದೆಯೋ?” ಎಂದು ಕೇಳಿದಾಗ ನಾವು, “ಬ್ರೇಕಿನ ರಬ್ಬರು ಬದಲಾಯಿಸಿದರೆ ಸಾಕು” ಅಂದೆವು.

ಹನ್ನೊಂದನೆಯ ದಿನ ಇಳಿಜಾರಿನಲ್ಲಿ ಆ ರಿಮ್ಮು ಸಿಡಿಯಿತು. ಹುಡುಗನು ಬಿದ್ದು ಅವನ ಕೊರಳೆಲುಬು ಮುರಿಯಿತು. ನಾವು ನೋಡಲು ಹೋದಾಗ ಅವನ ತಾಯಿ ನಮಗೆ ಚಹಾ ಕೊಟ್ಟಳು. ಹುಡುಗನು ಹೊರಸಿನ ಮೇಲೆ ಕೂತುಕೊಂಡೇ, “ಕಾಕಾ, ಅದು ನಿಮಗೆ ಮೊದಲೇ ತಿಳಿದಿತ್ತೋ?” ಎಂದು ಕೇಳಿದನು. “ಇಲ್ಲ” ಅಂದೆವು. ಆ ಚಹವನ್ನು ಕುಡಿದು ಮನೆಗೆ ಬಂದೆವು. ಎಂಟು ದಿನ ಹೊಸ ಸೈಕಲ್ಲಿನ ಮೇಲೆ ಕೂಡ್ರುವದಕ್ಕೆ ಮನಸ್ಸಾಗಲಿಲ್ಲ. ಒಂಭತ್ತನೆಯ ದಿನ ತಿರುಗಿ ಹೋಗಿ, ತಾಯಿಮಕ್ಕಳಿಬ್ಬರ ಮುಂದೆಯೂ ನಿಜವನ್ನು ಹೇಳಿ, ಮೂರು ಸಾವಿರವನ್ನೂ ಔಷಧದ ಖರ್ಚನ್ನೂ ಕೊಟ್ಟೆವು. ತಾಯಿಯು ಹಣವನ್ನು ತೆಗೆದುಕೊಂಡಳು. ಆ ದಿನ ಚಹಾ ಕೊಡಲಿಲ್ಲ. ಅದು ನ್ಯಾಯವೇ ಆಗಿತ್ತು.

ನಾವು ಸ್ವಭಾವದಿಂದ ಸುಳ್ಳುಗಾರರೆಂದು ನಮಗೆ ತೋರುವದಿಲ್ಲ. ಆದರೆ ಶನಿವಾರದ ಗಡುವೂ ಮೂರು ಸಾವಿರದ ಕೊರತೆಯೂ ಕೂಡಿದಾಗ ಒಂದು ಸುಳ್ಳು ನಮ್ಮ ಬಾಯಿಂದ ಎಷ್ಟು ಸುಲಭವಾಗಿ ಹೊರಟಿತೆಂಬದನ್ನು ಈಗಲೂ ಮರೆಯಲಾರೆವು. ನಾವು ಅಂದು ಪಡೆದ ಸೋಡಿಯ ಒಂದು ಪಾಲನ್ನು ಆ ಹುಡುಗನು ತನ್ನ ಎಲುಬಿನಿಂದ ತೆತ್ತನು. ಅಗ್ಗವಾಗಿ ಕೊಂಡ ವಸ್ತುವಿನ ಉಳಿದ ಕ್ರಯವನ್ನು ಯಾರು ತೆರುತ್ತಾರೆಂದು ಕೇಳುವ ವಾಡಿಕೆ ನಮಗೆ ಆ ದಿನದಿಂದ ಬಂದದ್ದು.

ಹಳೆಯ ವಸ್ತುವನ್ನು ಮಾರಿದ ಮಾತ್ರಕ್ಕೆ ಅದರ ಹೊಣೆಯು ನಮ್ಮಿಂದ ತಪ್ಪುವದಿಲ್ಲ. ಅದರ ದೋಷಗಳನ್ನು ನಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಕೊಳ್ಳುವವನು ನಮ್ಮ ವಸ್ತುವಿನೊಂದಿಗೆ ನಮ್ಮ ಮಾತನ್ನೂ ಕೊಳ್ಳುತ್ತಾನೆ. ವಸ್ತುವಿಗೆ ಬೆಲೆ ಕಟ್ಟಿ ಮಾತನ್ನು ಖೋಟಾ ಕೊಡುವದು ಕಳ್ಳತೂಕಕ್ಕೆ ಸಮಾನವಾದದ್ದು.

೫. ತಂದೆಯ ಮಾತಿಗೆ ಉತ್ತರ

ಇನ್ನು ತಂದೆಯ ಪಕ್ಷವನ್ನು ನೋಡೋಣ. “ಓಡುವ ಸೈಕಲ್ಲು ಇದೆ, ಸಾಕು” ಎಂಬ ಅವನ ಮಾತನ್ನು ಕೇಳಿ ನಾವು ತಲೆಯಾಡಿಸಿ ಎದ್ದು ಬರಬಹುದಾಗಿತ್ತು. ಆದರೆ ಸಾಕೆಂಬ ಮಾತನ್ನು ಯಾರು ಯಾರಿಗೆ ಹೇಳುತ್ತಾರೆಂಬದನ್ನು ವಿಚಾರಿಸದೆ ಇರಬಾರದು. ಉಳ್ಳವನು ಇಲ್ಲದವನಿಗೆ, ಹಿರಿಯನು ಕಿರಿಯನಿಗೆ, ಗಂಡನು ಹೆಂಡತಿಗೆ ಸಂತುಷ್ಟಿಯನ್ನು ಬೋಧಿಸುವದು ಬಹಳ ಸುಲಭ. ಯಾಕಂದರೆ ಅದರಲ್ಲಿ ಬೋಧಿಸುವವನಿಗೆ ಖರ್ಚಿಲ್ಲ. ಎಷ್ಟೋ ಮನೆಗಳಲ್ಲಿ ಒಲೆಯ ಹೊಗೆಯನ್ನು ಕುಡಿಯದವರೇ “ಕಟ್ಟಿಗೆ ಒಲೆ ಸಾಕು” ಎಂದು ಹೇಳಿದ್ದುಂಟು. ತೃಪ್ತಿಯು ಸದ್ಗುಣವೇ, ಆದರೆ ಪ್ರತಿಯೊಬ್ಬನು ಅದನ್ನು ಮೊದಲು ತನ್ನ ವಸ್ತುಗಳ ವಿಷಯದಲ್ಲಿ ಅಭ್ಯಾಸ ಮಾಡಬೇಕು. ಮತ್ತೊಬ್ಬನ ವಸ್ತು ಅವನಿಗೆ ಸಾಕೋ ಸಾಲದೋ ಎಂಬದನ್ನು ಹೇಳುವ ಮೊದಲು ಅವನು ಅದರೊಂದಿಗೆ ಪಡುವ ಕಷ್ಟವನ್ನು ಕೇಳಬೇಕು.

ನಾವು ಕೇಳಿದೆವು. ಆಗ ಯುವಕನು ತಂದೆಗೆ ಅಷ್ಟರ ವರೆಗೆ ಹೇಳದಿದ್ದ ಒಂದು ಮಾತನ್ನು ಹೇಳಿದನು. ಎರಡು ತಾಸು ಓಡಿಸಿದ ಮೇಲೆ ಅವನ ಮೊಣಕಾಲು ನೋಯುತ್ತಿತ್ತು, ರಾತ್ರಿ ನಿದ್ರೆ ಬಾರದಷ್ಟು. ಹದಿನೈದನೆಯ ವಯಸ್ಸಿನಲ್ಲಿ ಸರಿಹೊಂದಿದ ಚೌಕಟ್ಟು ಹತ್ತೊಂಭತ್ತನೆಯ ವಯಸ್ಸಿನಲ್ಲಿ ಕಿರಿದಾಗಿತ್ತು. ಸೀಟನ್ನು ಅದರ ಗುರುತಿನ ವರೆಗೆ ಎತ್ತಿದರೂ ಕಾಲು ಸಾಕಷ್ಟು ಚಾಚುತ್ತಿರಲಿಲ್ಲ. ಹೊಸ ಚೈನಿನಿಂದಲೂ ಟೈರಿನಿಂದಲೂ ಇದು ವಾಸಿಯಾಗುವಂಥದಲ್ಲ. ಬೆಳೆದ ಮಗನಿಗೆ ಚಿಕ್ಕಂದಿನ ಅಂಗಿಯು ಹರಿಯದೆ ಇದ್ದರೂ ಸಾಲದು. ತಂದೆಯು ಇದನ್ನು ಕೇಳಿ ಬಹಳ ಹೊತ್ತು ಏನೂ ಅನ್ನಲಿಲ್ಲ, ಅನಂತರ, “ಇದನ್ನು ಮೊದಲೇ ಹೇಳಬಾರದಿತ್ತೇ?” ಅಂದನು. ಮಗನು ಸೋಡಿಯ ಮಾತನ್ನು ಹಿಡಿದುಕೊಂಡಿದ್ದನು, ಯಾಕಂದರೆ ನೋವಿನ ಮಾತಿಗಿಂತ ಉಳಿತಾಯದ ಮಾತು ತಂದೆಗೆ ಹಿಡಿಸೀತೆಂದು ಅವನು ತಿಳಿದಿದ್ದನು.

ಹೀಗೆ ಹೊಸ ಸೈಕಲ್ಲಿಗೆ ಒಂದು ನ್ಯಾಯವಾದ ಕಾರಣವು ದೊರಕಿತು. ಆ ಕಾರಣವನ್ನು ಸೋಡಿಯು ಕೊಟ್ಟದ್ದಲ್ಲ. ಸೋಡಿ ಹೋದರೂ ಅದು ಹೋಗುವದಿಲ್ಲ. ಆಗ ನಾವು ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿ ಆ ಚೌಕಟ್ಟಿನ ಅಳತೆಯನ್ನು ಕೇಳಿದೆವು. ೫೮ ಸೆಂಟಿಮೀಟರ್ ಅಂದರು. ಯುವಕನಿಗೆ ಬೇಕಾದದ್ದು ೫೪. ಎಲ್ಲರಿಗೂ ಹೊಂದುವ ನಡುವಣ ಅಳತೆಗಳು ಮೊದಲೇ ಮಾರಿಹೋಗಿ, ಬಹಳ ದೊಡ್ಡವೂ ಬಹಳ ಚಿಕ್ಕವೂ ಉಗ್ರಾಣದಲ್ಲಿ ಉಳಿಯುವದರಿಂದಲೇ ಅವುಗಳಿಗೆ ದೊಡ್ಡ ಸೋಡಿ ದೊರಕುವದುಂಟು. ಕಿರಿದಾದ ಸೈಕಲ್ಲಿನಿಂದ ಮೊಣಕಾಲು ನೋಯಿಸಿಕೊಂಡವನು ಐವತ್ತನಾಲ್ಕು ಸಾವಿರ ಕೊಟ್ಟು ಹಿರಿದಾದ ಸೈಕಲ್ಲಿನಿಂದ ಬೆನ್ನು ನೋಯಿಸಿಕೊಳ್ಳುವದರಲ್ಲಿದ್ದನು.

ಶನಿವಾರವು ಬಂತು, ಹೋಯಿತು. ಹಿಂಗಾರಿನ ತರುವಾಯ, ಜೋಳದ ರಾಶಿಯಾದ ಮೇಲೆ, ೫೪ರ ಅಳತೆಯದೊಂದು ೬೧,೦೦೦ ರೂಪಾಯಿಗೆ ದೊರಕಿತು. ಸೋಡಿ ಕಡಿಮೆ, ಕ್ರಯ ಹೆಚ್ಚು. ತಂದೆಯೇ ಮಗನೊಂದಿಗೆ ಹೋಗಿ ತಂದನು. ಬ್ರೇಕು ತಂತಿಯಿಂದ ನಡೆಯುವ ಡಿಸ್ಕು. ಅದನ್ನು ನಮ್ಮೂರ ಮೇಸ್ತ್ರಿಯು ಬಿಗಿಮಾಡಬಲ್ಲನು. ಹಳೆಯ ಸೈಕಲ್ಲಿನ ಹಿಂಗಾಲಿಯ ರಿಮ್ಮನ್ನು ನಾವೇ ಬೆರಳಿಟ್ಟು ನೋಡಿದೆವು. ತಗ್ಗು ಅಷ್ಟಾಗಿ ಇರಲಿಲ್ಲ. ಆದಾಗ್ಯೂ ಅದನ್ನು ಬದಲಾಯಿಸದೆ ಮಾರಬಾರದೆಂದು ಹೇಳಿದೆವು, ಯುವಕನು ಒಪ್ಪಿದನು. ಹದಿನಾಲ್ಕು ವರುಷದ ಹುಡುಗಿಯೊಬ್ಬಳು ಅದನ್ನು ಕೊಂಡಳು. ಚೌಕಟ್ಟು ಅವಳಿಗೆ ಸರಿಯಾಗಿ ಹೊಂದುತ್ತದೆ. ಸೈಕಲ್ಲಿನ ದೋಷಗಳನ್ನು, ಅಂದರೆ ಎಡಗಡೆಯ ಗೇರಿನ ಹಿಡಿಕೆಯು ಸಡಿಲವೆಂಬದನ್ನೂ ಫೋರ್ಕಿನ ಮೇಲಣ ಗೀರು ಬಣ್ಣದ್ದು ಮಾತ್ರವೆಂಬದನ್ನೂ, ಯುವಕನು ಒಂದು ಚೀಟಿಯಲ್ಲಿ ಬರೆದು ಅವಳ ತಂದೆಯ ಕೈಗೆ ಕೊಟ್ಟನು. ಆ ಚೀಟಿಯನ್ನು ನೋಡಿ ಅವರು ಐನೂರು ರೂಪಾಯಿ ಕಡಿಮೆ ಮಾಡಿ ಕೇಳಿದರು. ಅವನು ಕಡಿಮೆ ಮಾಡಿದನು.

೬. ಸಾರ

ಆದಕಾರಣ ಇಂಥ ಸಮಯದಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳತಕ್ಕ ಪ್ರಶ್ನೆಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು.

ಮೊದಲನೆಯದು: ಮೊದಲಿನ ಕ್ರಯವನ್ನು ಅಳಿಸಿಹಾಕಿ ಈಗಿನ ಕ್ರಯವನ್ನು ಮಾತ್ರ ನೋಡಿದರೆ, ಈ ವಸ್ತು ನಮಗೆ ಬೇಕೋ?

ಎರಡನೆಯದು: ನಮ್ಮ ಹಳೆಯದು ನಿಜವಾಗಿ ಮುಗಿದಿದೆಯೋ, ಅಥವಾ ನಮ್ಮ ಅಲಕ್ಷ್ಯದಿಂದ ಮುಗಿದಂತೆ ಕಾಣುತ್ತದೋ? ಇದನ್ನು ತಿಳಿಯಲಿಕ್ಕೆ ಒಂದು ಅಡಿಪಟ್ಟಿ, ಒಂದು ಚಿಂದಿ, ಅರ್ಧ ದಿನ ಸಾಕು.

ಮೂರನೆಯದು: ಹೊಸತು ನೀಗಿಸುವ ಕೊರತೆ ಯಾವದು? ಅದನ್ನು ಹೆಸರಿಟ್ಟು ಹೇಳಲಾಗದಿದ್ದರೆ ಆ ಕೊರತೆಯು ಬಹುಶಃ ಕಣ್ಣಿನದು ಮಾತ್ರ. ಹೆಸರಿಟ್ಟು ಹೇಳಲಾದರೆ, ಮನೆಯ ಹಿರಿಯರು ಅದನ್ನು ಕಿವಿಗೊಟ್ಟು ಕೇಳಬೇಕು.

ನಾಲ್ಕನೆಯದು: ಬಿಟ್ಟುಕೊಡುವ ಹಳೆಯದು ಯಾರ ಕೈಗೆ, ಯಾವ ಸ್ಥಿತಿಯಲ್ಲಿ, ಯಾವ ಮಾತಿನೊಂದಿಗೆ ಹೋಗುತ್ತದೆ?

ಈ ನಾಲ್ಕಕ್ಕೂ ನಾಚದೆ ಉತ್ತರ ಕೊಡಬಲ್ಲವನು ಹೊಸತನ್ನು ಸಂತೋಷದಿಂದ ಕೊಳ್ಳಲಿ. ಅವನನ್ನು ದುಂದುಗಾರನೆನ್ನುವದಕ್ಕೆ ಯಾರಿಗೂ ಹಕ್ಕಿಲ್ಲ. ಕೊಡಲಾರದವನು ಒಂದು ಶನಿವಾರವನ್ನು ದಾಟಿಹೋಗಗೊಡಲಿ. ನಾವು ಕಂಡ ಮಟ್ಟಿಗೆ, ಒಂದು ಸೋಡಿ ತೀರಿದ ಮೇಲೆ ಮತ್ತೊಂದು ಬರುವದಕ್ಕೆ ಬಹಳ ದಿನ ಹಿಡಿಯುವದಿಲ್ಲ. ಆ ಹುಡುಗನ ಕೊರಳೆಲುಬಾದರೋ ಕೂಡಿಕೊಂಡಿತು, ಆದರೆ ಸ್ವಲ್ಪ ಓರೆಯಾಗಿ. ಅವನು ಈಗ ಬೆಳೆದ ಗಂಡಸು. ಸಂತೆಯಲ್ಲಿ ಎದುರಾದಾಗ ನಮಗೆ ನಮಸ್ಕಾರ ಮಾಡುತ್ತಾನೆ, ನಾವೂ ಮಾಡುತ್ತೇವೆ. ಅವನ ಅಂಗಿಯ ಕೊರಳಪಟ್ಟಿಯ ಬಳಿ ನಮ್ಮ ಕಣ್ಣು ಪ್ರತಿಸಾರಿಯೂ ಒಂದು ಕ್ಷಣ ನಿಲ್ಲುತ್ತದೆ.